ಚುಕ್ಕಾಣಿ ಹಿಡಿದ ಕೈ

ಪುಷ್ಪಾವತಿಯವರಿಗೆ ಕಾರು ಕಲಿಸುತ್ತೇನೆಂದು ಒಪ್ಪಿಕೊಂಡವಳು ನಾನೇ. ಯಾರೂ ನನ್ನ ಕುತ್ತಿಗೆ ಹಿಡಿದು ಒಪ್ಪಿಸಲಿಲ್ಲ. ತಾಳ್ಮೆ ಎಂಬುದು ನನ್ನ ಹತ್ತಿರ ಸುಳಿದೂ ನೋಡಿಲ್ಲ ಎಂದು ಮಗಳು ಶಿವಾನಿ ಆಗಾಗ ಆಡಿಕೊಳ್ಳುತ್ತಾಳೆ, ಅದೂ ಇಂಗ್ಲಿಷಿನಲ್ಲಿ. ಅದೆಲ್ಲ ಗೊತ್ತಿದ್ದೂ ಎಪ್ಪತ್ತು ದಾಟಿದ ಹೆಂಗಸನ್ನು ನನ್ನ ಕಾರಿನ ಸ್ಟೀರಿಂಗ್ ಮುಂದೆ ಕೂರಿಸಿದೆ. ಬೇರೆ ದಾರಿ ಇರಲಿಲ್ಲ.

ಪುಷ್ಪಕ್ಕ ಮತ್ತು ಅವರ ಗಂಡ ಮೋಹನದಾಸರು ಬಂದರಿನ ಊರಾದ ಸ್ಯಾನ್ ಪೀಡ್ರೊದಲ್ಲಿ ನಮ್ಮ ಬೀದಿಯವರೇ. ಉಡುಪಿ ಕಡೆಯವರು. ಮೋಹನದಾಸರು ಅಲ್ಲಿಯ ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು. ಗ್ಲಾಕೋಮಾದಿಂದ ಕಣ್ಣು ಮಸುಕಾಗುತ್ತ ಬಂದು ಈಗ ಬೆಳಕು ನೆರಳಷ್ಟೇ ಕಾಣುತ್ತದೆ. ಅದು ಸಾಲದೆಂಬಂತೆ ಕಿಡ್ನಿಯೂ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೋವಿಡ್ ಬಂದಾಗಿನಿಂದ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆನಾದ್ದರಿಂದ ಅವರನ್ನು ಕರೆದೊಯ್ದು ಕರೆತರುವುದು ನನ್ನ ಪಾಲಿಗಿತ್ತು. ಈ ವರ್ಷ ಎಲ್ ಸೆಗುಂಡೋದ ನಮ್ಮ ಆಫೀಸು ಎಲ್ಲರೂ ಬಂದು ಮುಖ ತೋರಿಸಿ ಎಂದು ಪಟ್ಟು ಹಿಡಿಯಿತು. ರೋಗಿಗಳನ್ನು ಒಯ್ಯುವ ವ್ಯಾನಿಗೆ ಹೇಳಿ ನೋಡಿದೆವು. ಅದರವರು ಒಮ್ಮೆ ಆ ಮನುಷ್ಯನನ್ನು ಬಿಸಿಲಲ್ಲಿ ಕೂರಿಸಿ ಮರೆತೇಬಿಟ್ಟರು.

ಮಗ ದೀಕ್ಷಿತ್ ಸ್ಯಾನ್ ಡಿಯಾಗೊದಲ್ಲಿದ್ದಾನೆ. ಮನೆ ಮಾರಿ ನಮ್ಮಲ್ಲಿಗೆ ಬನ್ನಿ ಎಂದು ದಿನಾ ಫೋನು. ಅವನನ್ನು ಬೈಯಲು ನನಗೆ ಬಹಳ ಆಸೆ, ಆದರೆ ಬೈಯುವಂಥದ್ದೇನೂ ಅವನಲ್ಲಿಲ್ಲ. ಕೆಳಗಿನ ದೊಡ್ಡ ಕೋಣೆ ಖಾಲಿ ಮಾಡಿಟ್ಟಿದ್ದಾನೆ, ಡಯಾಲಿಸಿಸ್ ಸೆಂಟರ್ ಹತ್ತಿರದಲ್ಲೇ ಇದೆ, ಸೊಸೆ ಶ್ರೀಜಾ ಬಂಗಾರದಂಥ ಹುಡುಗಿ. ಹೋಗುವುದಕ್ಕೇನು ಕಷ್ಟ ಎಂದು ನಾನೂ ಒಮ್ಮೆ ಕೇಳಿಬಿಟ್ಟೆ.

"ಅಲ್ಲಿ ಅವರು ಕುರುಡರು, ವಿಜಯಾ," ಎಂದರು ಪುಷ್ಪಕ್ಕ. "ಇಲ್ಲಿ ಅಲ್ಲ."

ಇಲ್ಲಿಯ ಮನೆಯಲ್ಲಿ ಮೋಹನದಾಸರು ಕೋಲು ಮುಟ್ಟುವುದಿಲ್ಲ. ಹಾಸಿಗೆಯಿಂದೆದ್ದು ಗೋಡೆ ಸವರದೆ ಅಡುಗೆಮನೆಗೆ ಹೋಗಿ ಚಹಾ ಮಾಡುತ್ತಾರೆ. ಕಪ್ಪು ಹಿಡಿದು ಜಗಲಿಗೆ ಬಂದು ಕೂತು, ಹಾರ್ನ್ ಕೇಳಿಯೇ ಇದು ಟಗ್ ಬೋಟು, ಇದು ಕಂಟೇನರ್ ಹಡಗು ಎಂದು ಹೇಳುತ್ತಾರೆ. ಅದೇ ಮನುಷ್ಯ ಹಿಂದಿನ ಕ್ರಿಸ್‌ಮಸ್ ರಜೆಯಲ್ಲಿ ಮಗನ ಮನೆಗೆ ಹೋದಾಗ ಗಾಜಿನ ಮೇಜಿಗೆ ಬಡಿದು ಮೊಣಕಾಲು ಒಡೆದುಕೊಂಡರು. ಶ್ರೀಜಾ ಹೆದರಿಬಿಟ್ಟಳು. ಆಮೇಲೆ ಅವರು ಅಲುಗಿದರೆ ಸಾಕು, "ಅಲ್ಲೇ ಕೂತಿರಿ ಮಾವ, ನಾನು ತರ್ತೇನೆ" ಎಂದು ಓಡಿ ಬರುತ್ತಿದ್ದಳಂತೆ. ವಾರವಿಡೀ ಒಂದೇ ಸೋಫಾದಲ್ಲಿ ಕೂತು ವಾಪಸ್ ಬಂದಾಗ ಅವರು ಅರ್ಧ ಇಳಿದುಹೋಗಿದ್ದರು. ಪುಷ್ಪಕ್ಕನಿಗೆ ಲೈಸೆನ್ಸ್ ಸಿಕ್ಕರೆ ಇಲ್ಲೇ ಇರಿ, ನನ್ನ ತಕರಾರಿಲ್ಲ ಎಂದು ದೀಕ್ಷಿತ್ ಕೊನೆಗೆ ಒಪ್ಪಿದ.

ಹೀಗೆ ಭಾನುವಾರ ಬೆಳಿಗ್ಗೆ ಗೋದಾಮೊಂದರ ಖಾಲಿ ಪಾರ್ಕಿಂಗಿನಲ್ಲಿ ನಮ್ಮ ಪಾಠ ಶುರುವಾಯಿತು. ಹೆಂಗಸಿಗೆ ಹೆದರಿಕೆಯೇ ಇಲ್ಲ. ನೇರ ಹೋಗಿ ಎಂದರೆ ದಾರ ಹಿಡಿದಂತೆ ಹೋಗುತ್ತಿದ್ದರು, ಬ್ರೇಕ್ ಹಾಕಿದರೆ ಕಪ್ಪಿನ ನೀರು ತುಳುಕದು. ಆದರೆ ಅಡ್ಡಕ್ಕೆ ಏನಾದರೂ ತಟ್ಟನೆ ಬಂದರೆ ಮುಗಿಯಿತು. ಗಾಳಿಗೆ ಉರುಳಿ ಬಂದ ಒಂದು ತಳ್ಳುಗಾಡಿಯನ್ನು ತಪ್ಪಿಸಲು ಎಡಕ್ಕೆ ತಿರುಗಿಸಿ ಎಂದರೆ, ಬಲಕ್ಕೆ ತಿರುಗಿಸಿ ನೇರ ಅದಕ್ಕೇ ಗುದ್ದಿದರು. ಮುಂದಿನ ವಾರ ದೀಪದ ಕಂಬದ ಸರದಿ, ಕೂದಲೆಳೆಯಲ್ಲಿ ಉಳಿಯಿತು. ಧಾರವಾಡದ ಗಂಟಲು ನನ್ನದು, ಪಾರ್ಕಿಂಗಿನ ಹಕ್ಕಿಗಳೆಲ್ಲ ಎದ್ದು ಹೋದವು.

"ಎಡಕ್ಕ ಅಂದ್ರ ಎಡಕ್ಕ ತಿರುಗಸ್ರಿ, ಪುಷ್ಪಕ್ಕಾ. ಇದರಾಗ ಏನ್ ತಿಳಿಲಾರದ್ದು ಐತಿ?"

"ನಾನು ತಳ್ಳಿದ್ದು ಸರಿಯೇ ಮಾರಾಯ್ತಿ. ಮೂತಿ ಎಡಕ್ಕೆ ಹೋಗ್ಲಿಕ್ಕೆ ಹಿಡಿ ಬಲಕ್ಕೆ ತಳ್ಬೇಕಲ್ಲ," ಎಂದರು ಅವರು. ಹೇಳಿ, ತಾವೇ ಬೆಚ್ಚಿ ಕೈ ನೋಡಿಕೊಂಡರು. "ಅಯ್ಯೋ, ಅದು ದೋಣಿಗೆ."

ಯಾವ ದೋಣಿ ಎಂದೆ. ಇಷ್ಟು ವರ್ಷದ ಪರಿಚಯದಲ್ಲಿ ಅವರು ಇಂಗ್ಲೆಂಡಿನಲ್ಲಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಕನ್ನಡ ಸಂಘದವರೆಲ್ಲ ಅಲ್ಲೂ ಯಾವುದೋ ಆಫೀಸು ಎಂದುಕೊಂಡಿದ್ದರು, ಇವರೂ ಅಲ್ಲವೆಂದು ಹೇಳಿರಲಿಲ್ಲ. ಮದುವೆಯಾದ ಹುಡುಗಿ ಕಲ್ಲಿದ್ದಲಿನ ದೋಣಿ ನಡೆಸುತ್ತಾಳೆ ಎಂದು ಊರಿಗೆ ಬರೆಯಲು ನಾಚಿಕೆಯಾಗಿ ಆಗ ಮುಚ್ಚಿಟ್ಟರಂತೆ. ಆಮೇಲೆ ಹೇಳಲು ಸಂದರ್ಭವೇ ಬರಲಿಲ್ಲವಂತೆ. ಅಂದು ಕಾರು ನಿಲ್ಲಿಸಿ, ಫ್ಲಾಸ್ಕಿನ ಚಹಾ ಮುಗಿಯುವ ತನಕ ಹೇಳಿದರು.

ಎಪ್ಪತ್ತೊಂದನೆಯ ಇಸವಿಯಲ್ಲಿ ಹೊಸ ಮದುಮಕ್ಕಳಾಗಿ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಬಾಡಿಗೆಗೆ ಕೋಣೆ ಸಿಗಲಿಲ್ಲ. ಖಾಲಿ ಇದೆ ಎಂಬ ಬೋರ್ಡು ಇವರ ಮುಖ ಕಂಡ ಕೂಡಲೇ ಒಳಗೆ ಹೋಗುತ್ತಿತ್ತು. ಕಾಲುವೆಯಲ್ಲಿ ಕಲ್ಲಿದ್ದಲು ಸಾಗಿಸುವ ಒಬ್ಬ ಸಣ್ಣ ಮಾಲೀಕ ಮಾತ್ರ ಕೆಲಸದ ಜೊತೆಗೆ ಮನೆಯನ್ನೂ ಕೊಟ್ಟ. ಮನೆಯೆಂದರೆ ಆ ದೋಣಿಯ ಬಾಲದಲ್ಲಿದ್ದ ಗೂಡು. ಏಳಡಿ ಅಗಲದ ಉದ್ದನೆ ದೋಣಿ, ಮುಂದೆಲ್ಲ ಕಲ್ಲಿದ್ದಲು, ಹಿಂದೆ ಹತ್ತಡಿಯಲ್ಲಿ ಸಂಸಾರ. ತಲೆ ಬಗ್ಗಿಸಿ ಒಳಗಿಳಿದರೆ ಎಡಗೈಗೆ ಒಲೆ. ಅದರಾಚೆ ಒಂದು ಕಪಾಟು, ಅದರ ಬಾಗಿಲನ್ನೇ ಕೆಳಗಿಳಿಸಿದರೆ ಊಟದ ಮೇಜು. ಬಲಕ್ಕೆ ಬೆಂಚು, ಕೊನೆಯಲ್ಲಿ ಅಡ್ಡಡ್ಡ ಹಾಸಿಗೆ. ಒಲೆಯ ಮೇಲುಗಡೆ ಒಂದು ಮೊಳೆ, ಅದಕ್ಕೆ ಗಂಡನ ಟೋಪಿ. ಚಳಿಗಾಲದಲ್ಲಿ ಸಂಜೆಗೇ ಕತ್ತಲು, ಎಣ್ಣೆ ಉಳಿಸಲು ದೀಪವಿಲ್ಲದೆ ಓಡಾಡಿ ಇಬ್ಬರಿಗೂ ಆ ಗೂಡು ಕೈಗೆ ಬಂದುಬಿಟ್ಟಿತ್ತು.

ಕಾಲುವೆ ಏರುವಲ್ಲಿ ಇಳಿಯುವಲ್ಲಿ ಗೇಟುಗಳು. ದೋಣಿ ಎರಡು ಗೇಟಿನ ನಡುವೆ ನಿಂತ ಮೇಲೆ ನೀರು ತುಂಬಿಸಿಯೋ ಖಾಲಿ ಮಾಡಿಯೋ ಮಟ್ಟಕ್ಕೆ ತರಬೇಕು. ಗಂಡ ಗೇಟಿನ ನೀರು ಬಿಡುವ ಕಬ್ಬಿಣದ ಹಿಡಿಕೆ ಹಿಡಿದು ದಡದ ಮೇಲೆ ಮುಂದೆ ಓಡಿದರೆ, ಚುಕ್ಕಾಣಿ ಹೆಂಡತಿಯ ಕೈಯಲ್ಲಿ. ಅಲ್ಲಿಯ ದೋಣಿಯವರೆಲ್ಲರ ಪದ್ಧತಿ ಅದೇ ಅಂತೆ. ಊರುಗಳ ಮುಂಬಾಗಿಲು ತಾನು ನೋಡಲೇ ಇಲ್ಲ, ಹಿತ್ತಲು ಮಾತ್ರ ನೋಡಿದೆ ಎಂದು ಪುಷ್ಪಕ್ಕ ನಕ್ಕರು. ಕಾರ್ಖಾನೆಗಳ ಬೆನ್ನು, ಒಣಹಾಕಿದ ಬಟ್ಟೆ, ಪಾತ್ರೆ ತೊಳೆಯುತ್ತ ಕಿಟಕಿಯಿಂದ ಕೈಬೀಸುವ ಹೆಂಗಸರು. ಕಾಲುವೆ ಹೆಪ್ಪುಗಟ್ಟಿದಾಗ ಪಕ್ಕದ ದೋಣಿಯ ಮುದುಕಿ ತನ್ನ ಮಗಳ ಉಣ್ಣೆಯ ಕಾಲುಚೀಲ ತಂದು ಇವರ ಕಾಲಿಗೆ ತಾನೇ ತೊಡಿಸಿದಳಂತೆ. ಕೆಲವು ವರ್ಷಕ್ಕೆ ಕಾರ್ಖಾನೆಯವರು ಕಲ್ಲಿದ್ದಲು ಬಿಟ್ಟರು, ದೋಣಿ ನಿಂತಿತು. ಅಲ್ಲಿಂದ ಲಂಡನ್ನಿನ ಹಡಗು ಕಂಪನಿ, ಆಮೇಲೆ ಇಲ್ಲಿ. ದೀಕ್ಷಿತ್ ಹುಟ್ಟಿದ್ದು ಅದೆಲ್ಲ ಮುಗಿದ ಮೇಲೆ.

ನಾನು ಇಂಜಿನಿಯರ್ ತಾನೇ, ಸ್ಟೀರಿಂಗಿನ ಒಂದು ಬದಿಗೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು ಟೇಪು ಸುತ್ತಿದೆ. ಗೋಗರೆದೆ, ಗದರಿದೆ, ಒಮ್ಮೆ ಇಳಿದು ಬಾಗಿಲು ದಡಾರನೆ ಹಾಕಿ ಮನೆಯ ಕಡೆ ನಡೆದೇಬಿಟ್ಟೆ. ಅವರು ಕಾರನ್ನು ನನ್ನ ಪಕ್ಕಕ್ಕೇ ಚೊಕ್ಕವಾಗಿ ತಂದು ನಿಲ್ಲಿಸಿ, ಹತ್ತು ಮಾರಾಯ್ತಿ ಎಂದರು. ಇಷ್ಟು ಚೆನ್ನಾಗಿ ಓಡಿಸುವವರು ಪಾಸಾಗದೆ ಇರುತ್ತಾರೆಯೇ ಎಂದುಕೊಂಡೆ. ಮೊದಲೆರಡು ಟೆಸ್ಟಿನಲ್ಲಿ ಫೇಲಾದರು. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಮತ್ತೆ ಮೊದಲಿನಿಂದ ಅಪ್ಲೈ ಮಾಡಬೇಕು. ಅವರನ್ನು ಕರೆದೊಯ್ಯಲು ನಾನು ಹಾಕುತ್ತಿದ್ದ ರಜೆಗಳೂ ಮುಗಿಯುತ್ತ ಬಂದಿದ್ದವು, ಅಷ್ಟು ಕಾಯಲು ಡಯಾಲಿಸಿಸ್ ಬಿಡಬೇಕಲ್ಲ.

ಮೂರನೆಯ ಸಲ ನಾನು ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯ ಹೊರಗೆ ನಿಂತು ನಮ್ಮೂರಿನ ಎಲ್ಲ ದೇವರಿಗೂ ಕೈಮುಗಿದೆ. ಗ್ಯಾಫಿ ಸ್ಟ್ರೀಟಿನಲ್ಲಿ ಪಾರ್ಸೆಲ್ ಟ್ರಕ್ಕೊಂದು ಗಲ್ಲಿಯಿಂದ ಸರಕ್ಕನೆ ಮೂತಿ ಹಾಕಿತಂತೆ. ಟೆಸ್ಟ್ ಮಾಡುವವನು ಕೈಹಾಕಿ ಸ್ಟೀರಿಂಗ್ ಎಳೆಯದಿದ್ದರೆ ಅದರಡಿಗೇ ಹೋಗುತ್ತಿದ್ದರು. ಅವನು ಇಳಿದು ಹೋದ ಮೇಲೂ ಪುಷ್ಪಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

"ನಂಗೆ ಗೊತ್ತುಂಟು ವಿಜಯಾ," ಎಂದರು. "ಈ ಕೈಗೆ ಗೊತ್ತಿಲ್ಲ."

ಬೈಯಬೇಕೆಂದು ಬಾಯಿ ತೆರೆದವಳು ನಾನು ಅತ್ತುಬಿಟ್ಟೆ. ನನ್ನ ದುಃಖದಲ್ಲಿ ಸ್ವಾರ್ಥವೂ ಇತ್ತು. ಈ ಊರಲ್ಲಿ ನನ್ನ ಬಾಯಿಯನ್ನು ಸಹಿಸಿಕೊಂಡು ಮೀನುಸಾರು ಕೊಡುವವರು ಬೇರೆ ಯಾರಿದ್ದಾರೆ? ನಾನು ತಿನ್ನದ ಮೀನುಸಾರು, ಆದರೂ ಕೊಡುತ್ತಿದ್ದರು.

ಮನೆ ಮಾರಾಟಕ್ಕಿಟ್ಟರು. ಹೊರಡುವ ಮೊದಲು ಪುಷ್ಪಕ್ಕ ಎರಡು ಮೂರು ಸಲ ನನ್ನನ್ನು ಕರೆದುಕೊಂಡು ಸ್ಯಾನ್ ಡಿಯಾಗೊಗೆ ಹೋದರು. ದೀಕ್ಷಿತ್ ಖಾಲಿ ಮಾಡಿದ್ದ ಕೋಣೆ ನಿಜಕ್ಕೂ ಚೆಂದ, ವಿಶಾಲ, ತುಂಬ ಬೆಳಕು. ಇವರು ಬಡಗಿಯನ್ನು ಕರೆಸಿ ಅಡ್ಡ ಗೋಡೆ ಹಾಕಿಸಿ ಅದನ್ನು ಕಿರಿದು ಮಾಡಿಸತೊಡಗಿದರು. ಮಗ ತಲೆ ಚಚ್ಚಿಕೊಂಡ, ದೊಡ್ಡ ಕೋಣೆ ಕೊಟ್ಟರೆ ಉಗ್ರಾಣ ಮಾಡುತ್ತೀರಲ್ಲ ಅಮ್ಮಾ ಎಂದ. ನಾನೂ ಅವನ ಪರ ವಹಿಸುವುದರಲ್ಲಿದ್ದೆ. ಆಗ ಕೊನೆಯ ಗೋಡೆಗೆ ಹಾಸಿಗೆಯನ್ನು ಅಡ್ಡಡ್ಡ ಹಾಕಿಸುತ್ತಿದ್ದುದು ಕಂಡಿತು. ಎಡಕ್ಕೆ ನೋಡಿದೆ, ಕೆಳಕ್ಕಿಳಿಯುವ ಬಾಗಿಲಿನ ಕಪಾಟು. ಬಲಕ್ಕೆ ಬೆಂಚು.

ಇದು ನಡೆಯುತ್ತದೆಯೇ, ಐವತ್ತು ವರ್ಷದ ಹಿಂದಿನದು ಮೋಹನದಾಸರಿಗೆ ನೆನಪಿರಬೇಕಲ್ಲ ಎಂದು ಪಿಸುಗುಟ್ಟಿದೆ. ಅವರ ನೆನಪನ್ನು ಯಾರು ಕೇಳಿದರು ಎಂದು ಪುಷ್ಪಕ್ಕ ಸ್ಟೂಲು ಎಳೆದರು. ಟೋಪಿಯ ಮೊಳೆ ಹೊಡೆಯಲು ದೀಕ್ಷಿತ್ ಅಳತೆಯ ಟೇಪು ತಂದರೆ ಬೇಡವೆಂದರು. ಕಣ್ಣು ಮುಚ್ಚಿ ಕೈ ಎತ್ತಿದರು, ಬೆರಳು ಗೋಡೆಗೆ ತಾಗಿದಲ್ಲೇ ಹೊಡೆದರು. ಒಲೆಗೆ ಮಾತ್ರ ಸೊಸೆ ಒಪ್ಪಲಿಲ್ಲ. ಅದರ ಜಾಗಕ್ಕೆ ಒಂದು ಕಟ್ಟೆ ಮಾಡಿಸಿ, ತಾನೇ ಆರಿಕೊಳ್ಳುವ ಕರೆಂಟಿನ ಕೆಟಲ್ ಇಟ್ಟರು.

ಮೋಹನದಾಸರಿಗೆ ಇದಾವುದನ್ನೂ ಹೇಳಿರಲಿಲ್ಲ. ಸಾಮಾನು ಸಾಗಿಸಿದ ದಿನ ನನ್ನ ಕಾರಿನಲ್ಲೇ ಅವರನ್ನು ಕರೆತಂದೆವು. ಮಗನ ಮನೆಯ ಹೊಸ್ತಿಲಲ್ಲೇ ಅವರ ಬೆನ್ನು ಬಾಗಿತು, ಹೆಂಡತಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೋಣೆಯ ಬಾಗಿಲಿಗೆ ಬಂದಾಗ ಪುಷ್ಪಕ್ಕ ಆ ಕೈಗಳನ್ನು ಮೆಲ್ಲಗೆ ಬಿಡಿಸಿ ಹಿಂದಕ್ಕೆ ಸರಿದು ನಿಂತರು. ಶ್ರೀಜಾ ಗಾಬರಿಯಾಗಿ ಮುಂದೆ ಓಡಿದಳು, ನಾನು ಅವಳ ರಟ್ಟೆ ಗಟ್ಟಿಯಾಗಿ ಹಿಡಿದೆ.

ಮೋಹನದಾಸರು ಅಲ್ಲಾಡದೆ ನಿಂತರು. ಎಡಗೈ ಚಾಚಿದರು, ಕಟ್ಟೆ ಸಿಕ್ಕಿತು. ಕೈ ಮುಂದಕ್ಕೆ ಸರಿದು ಕಪಾಟಿನ ಚಿಲಕ ಸರಿಸಿತು, ಬಾಗಿಲು ಇಳಿದು ಅವರ ಅಂಗೈ ಮೇಲೆ ಕೂತಿತು. ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಹಿಡಿದುಕೊಂಡಿದ್ದರು. ಆಮೇಲೆ ಅದನ್ನು ಮತ್ತೆ ಮೇಲೆತ್ತಿ ಮುಚ್ಚಿ, ಕೋಣೆಯ ಬಾಗಿಲಿಗೆ ವಾಪಸ್ ಬಂದರು. ಈ ಸಲ ತಲೆ ಬಗ್ಗಿಸಿದರು. ಆ ಮನೆಯ ಬಾಗಿಲು ಅವರಿಗಿಂತ ಗೇಣುದ್ದ ಎತ್ತರವಿದೆ, ಆದರೂ ತಲೆ ಬಗ್ಗಿಸಿ ಒಳಗೆ ಹೆಜ್ಜೆಯಿಟ್ಟು, ಟೋಪಿ ತೆಗೆದು, ಹುಡುಕದೆ ತಡಕದೆ ಮೊಳೆಗೆ ಹಾಕಿದರು.

ಪುಷ್ಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದರು. ದೀಕ್ಷಿತ್ ಅಪ್ಪನನ್ನು ನೋಡುತ್ತಿದ್ದ, ಅಮ್ಮನನ್ನು ನೋಡುತ್ತಿದ್ದ, ಅವನಿಗೆ ಏನೂ ಅರ್ಥವಾಗಿರಲಿಲ್ಲ. ಮೋಹನದಾಸರು ಕೆಟಲ್ ಎತ್ತಿ ಅಲ್ಲಾಡಿಸಿ ನೀರಿದೆಯೇ ನೋಡಿ ಗುಂಡಿ ಒತ್ತಿದರು. ಶ್ರೀಜಾಳಿಗೆ ತಡೆಯಲಾಗಲಿಲ್ಲ, ಕೈ ಸುಟ್ಟೀತು ಮಾವ ಎನ್ನುತ್ತ ನನ್ನ ಹಿಡಿತ ಬಿಡಿಸಿಕೊಂಡು ಒಳಗೆ ನುಗ್ಗಿದಳು.

ಅವರು ಅವಳ ದನಿ ಬಂದ ಕಡೆ ತಿರುಗಿ ಬಲಗೈಯಿಂದ ಬೆಂಚು ತೋರಿಸಿದರು.

"ಅಲ್ಲೇ ಕೂತಿರು ಮಗಾ," ಎಂದರು. "ನಾನು ತರ್ತೇನೆ."

ಶ್ರೀಜಾ ಕೂತಳು.