ಹಿರಿಯನ ತಲೆ ಮೊದಲು

"ತಲೆ ಬಗ್ಗಿಸಿ ಸಾರ್," ಎಂದ ಕ್ಷೌರದ ಕಿಶನ್.

ಮಹೇಶ್ವರ ಬಗ್ಗಿಸಿದ. ಅಮ್ಮ ಸತ್ತು ಹತ್ತನೆಯ ದಿನ. ಕುಮಾರಧಾರೆಯ ದಡದಲ್ಲಿ ಹಿರಿಯ ಮಗನ ತಲೆ ಮೊದಲು, ಕಿರಿಯನದು ಆಮೇಲೆ. ಪುತ್ತೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೂ ಆ ಕ್ರಮ ತಪ್ಪಿಸಲಾಗಲಿಲ್ಲ.

"ಪ್ರಸನ್ನನೇ ಮೊದಲು ಕೂರಲಿ" ಎಂದು ಎರಡು ಸಲ ಹೇಳಿ ನೋಡಿದ್ದ.

"ಇದರಲ್ಲೂ ತಪ್ಪಿಸಿಕೊಳ್ಳುದಾ?" ಎಂದಿದ್ದ ತಮ್ಮ. "ಅಮ್ಮನ ಹೇಲು ಉಚ್ಚೆ ತೆಗೆದದ್ದು ನಾನು. ಇವತ್ತೊಂದು ದಿನ ಆದ್ರೂ ಹಿರಿಯ ಆಗು ಮಾರಾಯ."

ಅವನ ರಕ್ತಪರೀಕ್ಷೆಯ ವರದಿ ಪುತ್ತೂರಿನ ಮನೆಯ ಕಪಾಟಿನಲ್ಲಿತ್ತು. ಹೆಪಟೈಟಿಸ್ ಸಿ. ವೈದ್ಯೆ ಬಸ್ಸಿನ ವೇಳೆ ಹೇಳುವಂತೆ ಹೇಳಿದ್ದರು: ಹನ್ನೆರಡು ವಾರ ಮಾತ್ರೆ, ಹೆಚ್ಚುಕಡಿಮೆ ಎಲ್ಲರಿಗೂ ಗುಣವಾಗುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ ಅಂಟದು, ತಬ್ಬಿಕೊಂಡರೂ ಅಂಟದು. ರಕ್ತಕ್ಕೆ ರಕ್ತ ಸೋಕಬೇಕು. ಬ್ಲೇಡು, ಹಲ್ಲಿನ ಬ್ರಷ್ಷು ಯಾರಿಗೂ ಕೊಡಬೇಡಿ. ತಬ್ಬಿಕೊಳ್ಳುವ ಪ್ರಶ್ನೆ ತನ್ನ ಮನೆಯಲ್ಲಿ ಏಳುವುದಿಲ್ಲವೆಂದು ಅವನು ಹೇಳಲಿಲ್ಲ. ಮಾತ್ರೆ ಸೋಮವಾರದಿಂದ.

ಬಂದದ್ದು ಎಲ್ಲಿಂದ? ಇಪ್ಪತ್ತೇಳು ವರ್ಷಗಳ ಹಿಂದಿನ ಸ್ಕೂಟರ್ ಅಪಘಾತದಲ್ಲಿ ಏರಿಸಿದ ಎರಡು ಬಾಟಲಿ ರಕ್ತದಿಂದ, ಬಹುಶಃ. ಈ ರೋಗಕ್ಕಾಗಿ ರಕ್ತವನ್ನು ಪರೀಕ್ಷಿಸುವ ರೂಢಿ ಆಗ ಇರಲಿಲ್ಲ. ಹಗಲಿರುಳು ಓಡಾಡಿ ಆ ಬಾಟಲಿ ಹೊಂದಿಸಿದವನು ಪ್ರಸನ್ನ.

ಕಿವಿಯ ಹಿಂದೆ ಚುರ್ರೆಂದಿತು.

"ಸ್ವಲ್ಪ ತಾಗಿತು ಸಾರ್." ಕಿಶನ್ ಪಟಿಕ ಒತ್ತಿ, ರೇಜರನ್ನು ಹೊಳೆಯ ನೀರಿನಲ್ಲಿ ಅದ್ದಿ ಕೊಡವಿದ.

"ಬ್ಲೇಡು ಬದಲು ಮಾಡಿ."

"ಬೇರೆ ತರ್ಲಿಲ್ಲ ಸಾರ್. ಎರಡೇ ತಲೆ ಅಲ್ವಾ? ಅದೂ ಅಣ್ಣ ತಮ್ಮ."

"ಕಡಬ ಪೇಟೆಯಿಂದ ತರಿಸುವ."

ಪ್ರಸನ್ನ ನಕ್ಕ. "ಎಂತ, ನಿನ್ನ ಬ್ಲೇಡು ನನ್ನ ತಲೆಗೆ ಆಗುದಿಲ್ವಾ? ಪ್ರೊಫೆಸರರ ಮಡಿಯಾ? ನಿನ್ನ ಮೈಯಲ್ಲಿ ಓಡುದು ನಾನು ತಂದ ರಕ್ತ. ನೆನಪುಂಟಾ?"

ಒಂದು ವಾಕ್ಯ ಸಾಕಿತ್ತು. ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನು ಹದಮಾಡಿಕೊಂಡು ಬಂದಿದ್ದ. ಆದರೆ ನಾಲಿಗೆಯ ತುದಿಗೆ ಬಂದಾಗ ಅದು ಕಾಯಿಲೆಯ ಸುದ್ದಿಯಾಗಿ ಉಳಿದಿರಲಿಲ್ಲ. ತಮ್ಮನ ಕೆನ್ನೆಗೆ ಎತ್ತಿದ ಕೈಯಾಗಿತ್ತು. ನೀನು ತಂದ ರಕ್ತದಲ್ಲೇ ಇತ್ತು ಅದು. ಹಾಗೆ ಹೊಡೆಯುವುದರಲ್ಲಿ ಎಷ್ಟು ಸುಖವಿದೆಯೆಂದು ತಿಳಿದು ಅವನಿಗೆ ಹೆದರಿಕೆಯಾಯಿತು. ಬಾಯಿ ಮುಚ್ಚಿದ.

"ಹೊತ್ತಾಯ್ತು," ಎಂದರು ಕ್ರಿಯೆ ಮಾಡಿಸಲು ಬಂದ ಭಟ್ಟರು.

ಪ್ರಸನ್ನ ಕಲ್ಲಿನ ಮೇಲೆ ಕೂತು ತಲೆ ತಗ್ಗಿಸಿದ. ಅವನ ನೆತ್ತಿ ನರೆತದ್ದನ್ನು ಅಣ್ಣ ನೋಡಿದ್ದು ಇದೇ ಮೊದಲು. ಕಿಶನ್ ರೇಜರ್ ಎತ್ತಿದ.

ಮಹೇಶ್ವರ ಕೈಚಾಚಿ ಅಲಗನ್ನೇ ಹಿಡಿದು ಮುಷ್ಟಿ ಬಿಗಿದ.

"ಹುಚ್ಚಾ ನಿಂಗೆ? ಬಿಡು!" ಪ್ರಸನ್ನ ಎದ್ದು ಆ ಮುಷ್ಟಿಯನ್ನು ಹಿಡಿದ. ಬೆರಳ ಸಂದುಗಳಿಂದ ರಕ್ತ ಇಳಿಯುತ್ತಿತ್ತು.

"ಮುಟ್ಟಬೇಡ."

"ಸಾಯುವ ಕಾಲಕ್ಕೂ ಮುಟ್ಟಬೇಡ ಅಂತ್ಲೇ ಹೇಳು ನೀನು!"

ತಮ್ಮ ಒಂದೊಂದೇ ಬೆರಳನ್ನು ಬಿಡಿಸತೊಡಗಿದ. ಅವನ ಬೆರಳುಗಳ ತುಂಬ ಅಡಕೆ ಸುಲಿದ ಗೀರುಗಳು, ಇನ್ನೂ ಮಾಯದವು. ಮಹೇಶ್ವರ ಮತ್ತಷ್ಟು ಬಿಗಿಹಿಡಿದ. ನಾಲ್ಕು ಕೈಗಳು ಒಂದೇ ಗಂಟಾಗಿ, ಯಾರದು ಯಾವುದೆಂದು ತಿಳಿಯದಷ್ಟು ಕೆಂಪಾಗಿ, ಇಬ್ಬರ ಎದೆಗಳ ನಡುವೆ ಜಗ್ಗಾಡುತ್ತಿದ್ದವು.