ಆರನೆಯ ಪಟ್ಟಿ

"ಈಗ ಕೇಳಿ," ಎಂದು ಪಂಗೆಸ್ತಿ ಮರದ ಸುತ್ತಿಗೆಯೆತ್ತಿ ನೆಲದ ಮೇಲಿಟ್ಟ ದೆಮುಂಗ್ ವಾದ್ಯದ ಆರನೆಯ ಕಂಚಿನ ಪಟ್ಟಿಯನ್ನು ಬಡಿದಳು. ನಾದ ಕೂದಲೆಳೆಯಷ್ಟು ಕೆಳಗಿತ್ತು. ತಂಡದ ಉಳಿದ ಎಂಟು ಜನ ಮುಖ ಮುಖ ನೋಡಿಕೊಂಡರು. ಅವಳು ನೋಡಿದ್ದು ಮಾತ್ರ ಒಬ್ಬನನ್ನೇ, ಜತ್ಮಿಕೊನನ್ನು.

ನೋಡದೆ ಏನು ಮಾಡಿಯಾಳು? ಅವನು ಕಂಚುಗಾರರ ಕೇರಿಯವನು, ಅಪ್ಪನ ಕುಲುಮೆಯಲ್ಲಿ ಗಾಂಗ್ ಬಡಿದು ಬೆಳೆದವನು. ಹನ್ನೆರಡು ದಿನದಿಂದ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಕೂರುತ್ತಿದ್ದ. ಮೊನ್ನೆ ವಾದ್ಯದ ಹೊದಿಕೆಯ ಮೇಲೆ ಅವಳಿಗೆ ಹಳದಿ ಕಂಚಿನ ಪುಡಿ ಸಿಕ್ಕಿತ್ತು. ಇಂಥ ಹಳೆಯ ಕಂಚಿಗೆ ಬಾಯಿ ಬಿಡುವವರು ಸೋಲೊ ಊರಿನಲ್ಲಿ ಬೇಕಾದಷ್ಟು ಜನ. ಹಳೆಯ ಪಟ್ಟಿ ಎಗರಿಸಿ ಹೊಸದು ಕೂರಿಸುವ ಕೈಚಳಕ ಇವನಿಗಲ್ಲದೆ ಇನ್ನಾರಿಗಿದೆ? ಅನುಮಾನ ಒಮ್ಮೆ ಹೊಕ್ಕಿತೆಂದರೆ ಹಗ್ಗವೆಲ್ಲ ಹಾವೇ. ಅವನು ಚಹಾ ಬೇಡವೆಂದರೂ ಅವಳಿಗೆ ಅದರಲ್ಲೊಂದು ಅರ್ಥ ಕಾಣುತ್ತಿತ್ತು.

ಈ ತಂಡ ಕಟ್ಟಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ತಾನು ಓದುವ ಕಾಲೇಜಿನಲ್ಲಿ ವಾದ್ಯವಿಲ್ಲ. ಸುಪಾರ್ತಿ ಅಜ್ಜಿಯ ಬಾಗಿಲಿಗೆ ಮೂರು ತಿಂಗಳು ಅಲೆದಿದ್ದಳು. ಗಂಡ ತೀರಿಕೊಂಡ ಮೇಲೆ ಏಳು ವರ್ಷ ಬಟ್ಟೆ ಹೊದಿಸಿಟ್ಟಿದ್ದ ಗಮೆಲಾನ್ ಎಂಬ ಕಂಚಿನ ವಾದ್ಯಮೇಳವನ್ನು ಅಜ್ಜಿ ಕೊನೆಗೂ ಬಿಚ್ಚಿಕೊಟ್ಟಿದ್ದಳು, ಅದೂ ತನ್ನ ಚಾವಡಿಯಲ್ಲೇ ನುಡಿಸಬೇಕೆಂದು. ಒಂದು ಪಟ್ಟಿಗೆ ಪೆಟ್ಟಾದರೂ ಚಾವಡಿಗೆ ಬೀಗ ಎಂದಿದ್ದಳು. ಸಂಗತಿ ಅಜ್ಜಿಯ ಕಿವಿಗೆ ಬೀಳುವ ಮೊದಲು ಕಳ್ಳನನ್ನು ಹಿಡಿಯಲೇಬೇಕಿತ್ತು. ಇಲ್ಲವಾದರೆ ತಂಡವೂ ಇಲ್ಲ, ಗಿಂಡವೂ ಇಲ್ಲ.

"ನಿನ್ನ ಚೀಲದಲ್ಲಿ ಏನಿದೆ?" ಎಂದು ಜತ್ಮಿಕೊನನ್ನು ಕೇಳಿದಳು.

"ನನ್ನ ಸಾಮಾನು."

"ಬಿಚ್ಚಿ ತೋರಿಸು."

ಜತ್ಮಿಕೊ ಚೀಲವನ್ನು ಹತ್ತಿರಕ್ಕೆಳೆದುಕೊಂಡ. "ಬೇಡ ಪಂಗೆಸ್ತಿ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಓಹೋ, ಕದ್ದಿದ್ದೂ ಅಲ್ದೆ ಬೆದರಿಸ್ತೀಯಾ ಬೇರೆ!"

ಅಷ್ಟೆಂದವಳು ಸುತ್ತಿ ಹೋಗುವಷ್ಟು ತಾಳ್ಮೆಯಿಲ್ಲದೆ ದೆಮುಂಗನ್ನು ದಾಟಿಯೇ ಬಿಟ್ಟಳು. ಮದ್ದಳೆಯ ಹರ್ಸೊ ಅಯ್ಯೋ ಎಂದ. ಗಮೆಲಾನನ್ನು ದಾಟುವುದೂ ಮಲಗಿದ ಹಿರಿಯರನ್ನು ದಾಟುವುದೂ ಒಂದೇ. ಅಂಬೆಗಾಲಿಡುವ ಮಗುವನ್ನೂ ಈ ಊರಲ್ಲಿ ಎತ್ತಿ ಈಚೆಗಿಡುತ್ತಾರೆ. ಅವಳಿಗೆ ಅದರ ಪರಿವೆಯಿರಲಿಲ್ಲ. ಚೀಲ ಕಸಿದು ತಲೆಕೆಳಗು ಮಾಡಿದಳು. ಒಂದು ಅರ ಬಿತ್ತು. ಬಟ್ಟೆಯಲ್ಲಿ ಸುತ್ತಿದ್ದ ಕಪ್ಪಾದ ಹಳೆಯ ಪಟ್ಟಿಯೊಂದು ಬಿತ್ತು.

"ನೋಡ್ರಪ್ಪಾ," ಎಂದು ಅದನ್ನು ಮೇಲೆತ್ತಿ ಬೆಳಕಿಗೆ ಹಿಡಿದಳು. ಪಟ್ಟಿಯ ತೂತಿನಿಂದ ಅಂಚಿನವರೆಗೆ ಸೀಳು ಬಿಟ್ಟಿತ್ತು.

ಅವಳಿಗೆ ಎರಡು ವಾರದ ಹಿಂದಿನ ಶನಿವಾರ ನೆನಪಾಯಿತು. ಹರ್ಸೊ ತಾಳ ತಪ್ಪಿಸಿದನೆಂದು ಸಿಟ್ಟಿಗೆದ್ದು ಸುತ್ತಿಗೆಯನ್ನು ಜೋರಾಗಿ ಬಿಟ್ಟಿದ್ದಳು. ನಾದದ ಬದಲು ಟಪ್ ಎಂದು ಒಣ ಸದ್ದು ಬಂದಿತ್ತು. ಏನೂ ಆಗಿಲ್ಲ ಎಂದುಕೊಂಡು, ಬಗ್ಗಿಯೂ ನೋಡದೆ, ಬಟ್ಟೆ ಹೊದಿಸಿ ಮನೆಗೆ ಹೋಗಿದ್ದಳು.

ಜತ್ಮಿಕೊ ಯಾರ ಮುಖವನ್ನೂ ನೋಡದೆ ಹೇಳಿದ. ಆ ಸಂಜೆ ಹೊದಿಕೆ ಎತ್ತಿದಾಗ ಸೀಳು ಕಂಡಿತಂತೆ, ಹೊಸದನ್ನು ಅಪ್ಪ ಬಡಿದು ಕೊಟ್ಟಿದ್ದಂತೆ. ಹೊಸ ಕಂಚು ಸ್ವರದಲ್ಲಿ ನಿಲ್ಲುವುದಿಲ್ಲವಂತೆ, ದಿನಾ ಸ್ವಲ್ಪ ಸ್ವಲ್ಪ ಅರ ಹಾಕಬೇಕಂತೆ. "ಇನ್ನೊಂದು ವಾರ ಬಿಟ್ಟಿದ್ರೆ ಯಾರಿಗೂ ತಿಳೀತಿರ್ಲಿಲ್ಲ," ಎಂದ.

"ನಂಗೆ ಒಡೆದ ದಿನಾನೇ ತಿಳೀತು."

ಸುಪಾರ್ತಿ ಅಜ್ಜಿ ಒಳಬಾಗಿಲಲ್ಲಿ ನಿಂತಿದ್ದಳು. "ಒಳಗೆ ಅಕ್ಕಿ ಆರಿಸ್ತಿದ್ದೆ, ಕೇಳಿಸ್ತು. ಯಾರು ಬಂದು ಹೇಳ್ತಾರೆ ಅಂತ ಇಷ್ಟು ದಿನ ಕಾದೆ. ಯಾರು ಒಡೆದಿದ್ದು?"

ಜತ್ಮಿಕೊನ ತುಟಿ ಅಲುಗಿತು. ಅವನು ನಾನು ಎಂದುಬಿಡಲಿ ಎಂದು ಪಂಗೆಸ್ತಿ ಒಂದು ಗಳಿಗೆ ಆಸೆಪಟ್ಟಳು. ಹಾಗೆ ಆಸೆಪಟ್ಟದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಾನೇ ಅಜ್ಜಿ," ಎಂದಳು.

ಅಜ್ಜಿ ಸೀಳಿದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದಳು. "ಕಂಚು ಅಂದ್ಮೇಲೆ ಒಡೆಯುತ್ತೆ. ನಮ್ಮನೆಯವರ ಕೈಲೂ ಎರಡು ಒಡೆದಿವೆ. ಬೀಗ ಹಾಕಲ್ಲ, ನುಡಿಸಿ. ಆದ್ರೆ ನೀನು ಇನ್ಮೇಲೆ ದೆಮುಂಗ್ ಮುಟ್ಟಬೇಡ, ಅದು ಇವನಿಗಿರಲಿ. ಒಡೆದಿದ್ದಕ್ಕಲ್ಲ ತಾಯಿ. ಇನ್ನೊಬ್ಬರ ಚೀಲಕ್ಕೆ ಕೈ ಹಾಕಿದ್ದು ನಂಗೆ ಸರಿಬರಲಿಲ್ಲ." ಪಟ್ಟಿಯನ್ನು ಜತ್ಮಿಕೊನ ಕೈಗಿತ್ತು ಒಳಗೆ ಹೋದಳು.

ಪಂಗೆಸ್ತಿ ಈ ಸಲ ಗೋಡೆ ಬಳಸಿ, ಬೆನ್ನು ಬಗ್ಗಿಸಿ ನಡೆದು, ಮೂಲೆಯ ಒಂಟಿ ಬಟ್ಟಲಿನ ವಾದ್ಯದ ಮುಂದೆ ಕೂತಳು. ಹೊಸದಾಗಿ ಕಲಿಯುವವರನ್ನು ಕೂರಿಸುವ ಜಾಗ ಅದು. ತಪ್ಪಾಯಿತು ಎಂದು ಜತ್ಮಿಕೊನಿಗೆ ಎಲ್ಲರೆದುರೇ ಹೇಳಿದಳು. ಅವನು ಆಯ್ತು ಬಿಡು ಎಂದ. ಅವನು ನಕ್ಕದ್ದೂ ನಿಜವೇ. ಅವಳಿಗೆ ಉಸಿರು ಬಂದಂತಾಯಿತು.

ಹರ್ಸೊ ಮದ್ದಳೆಯ ಮೇಲೆ ಕೈಯಿಟ್ಟ. ಎಲ್ಲರೂ ಸುತ್ತಿಗೆ ಎತ್ತಿಕೊಂಡರು. ಅಷ್ಟರಲ್ಲಿ ಜತ್ಮಿಕೊ ತಡಿ ಎಂದು ಎದ್ದ. ನೆಲದ ಮೇಲೆ ಬಿದ್ದಿದ್ದ ಚೀಲವನ್ನು ಎತ್ತಿ, ಅರವನ್ನೂ ಪಟ್ಟಿಯನ್ನೂ ಒಳಗೆ ಹಾಕಿ, ದಾರ ಎಳೆದು ಗಂಟು ಬಿಗಿದ. ಆಮೇಲೆ ಅದನ್ನು ತನ್ನ ಮಂಡಿಯಡಿಗೆ ತಳ್ಳಿಕೊಂಡು ಕೂತ.