ದೀಪ ಹತ್ತಿದರೆ ಸಾಕು

ಹೆಬ್ಬೆರಳು ಒತ್ತಿ ಹಿಡಿದರೂ ಕೊಳವೆ ಬೆರಳನ್ನು ಹೀರುತ್ತಿಲ್ಲ, ಎಂಜಿನ್ ಗುರುಗುಟ್ಟುತ್ತಲೇ ಇದೆ, ಎಳೆಗೂಸು ಬೆರಳು ಚೀಪುವ ಹಾಗೆ ಎಳೆಯಬೇಕಿತ್ತು, ಈ ರಬ್ಬರ್ ಕೊಳವೆ ಗಾಳಿ ಎಳೆದರೆ ತಾನೇ ಮುಂದಿನ ಚಕ್ರಗಳ ಹಬ್ ಲಾಕ್ ಆಗಿ ಅವಕ್ಕೂ ಎಂಜಿನ್ನಿನ ಎಳೆತ ಸಿಗುವುದು, ಇಲ್ಲದಿದ್ದರೆ ಫೋರ್‌ವೀಲ್ ಗಾಡಿ ಅನ್ನುವುದು ಬರೀ ಹೆಸರಿಗೆ, ಹಿಂದಿನವೆರಡು ದುಡಿಯುತ್ತವೆ, ಮುಂದಿನವು ಮದುವೆಗೆ ಬಂದ ನೆಂಟರ ಹಾಗೆ ಸುಮ್ಮನೆ ಉರುಳುತ್ತವೆ — ಅವಳು ಕೊಳವೆಯನ್ನು ಸವರಿಕೊಂಡು ಹೋದಳು, ಬ್ಯಾಟರಿಯ ಹಿಂದೆ, ಕಣ್ಣಿಗೆ ಬೀಳದ ತಿರುವಿನಲ್ಲಿ, ಉಗುರಿನಷ್ಟು ಸೀಳು, ಸಿಕ್ಕಿತು, ಸಿಕ್ಕರೇನು, ಹೊಸ ಕೊಳವೆ ಬರುವುದು ನಾಳೆ, ಟೇಪು ನಿಲ್ಲುವ ಜಾಗವಲ್ಲ, ಹೇಳುವುದು ಯಾರಿಗೆ, ರೀ, ಚಕ್ರ ಎತ್ತಿ ಒಂದ್ಸಲ ಕೈಯಲ್ಲಿ ತಿರುಗಿಸಿ ನೋಡೋಣ ಅಂತ ಬೆಳಿಗ್ಗೆ ಅಂದದ್ದಕ್ಕೆ ಗಂಡ ಗ್ಯಾರೇಜಿನ ಗಿರಾಕಿಗಳ ಎದುರಿಗೇ, ನಮ್ಮನೆಯವಳು ಡಿಗ್ರಿ ಓದಿದವಳು ನೋಡಿ, ಚಕ್ರಕ್ಕೂ ಪಾಠ ಒಪ್ಪಿಸು ಅಂತಾಳೆ ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಅದೇ ತಪ್ಪು, ನಗಬಾರದಿತ್ತು. ಹೋದ ವಾರ ತಂಗಿ ಲಸಿಕೆಯ ಪೆಟ್ಟಿಗೆ ಹೇರಿಕೊಂಡು ಗುಡ್ಡದ ಜೇಡಿಮಣ್ಣಿನ ಏರು ಹತ್ತುವಾಗ ಇದೇ ಗಾಡಿ ಹಿಂದಕ್ಕೆ ಜಾರಿತ್ತು, ಕಮರಿಗೆ ಎರಡು ಮೊಳ, ಒಂದು ಕಲ್ಲು ಅಡ್ಡ ಬಂತು ಕಣಕ್ಕ, ಇಲ್ಲಾಂದ್ರೆ ನನ್ನ ಬಟ್ಟೆಯೆಲ್ಲ ನಿನ್ನ ಪಾಲಾಗ್ತಿತ್ತು, ಆಗ ಡ್ಯಾಶ್‌ಬೋರ್ಡಿನ ಫೋರ್‌ವೀಲ್ ಲೈಟೂ ಹತ್ತಲಿಲ್ಲ ಭಾವ — ಅಷ್ಟು ಅಂದದ್ದೇ ತಡ ಅವನು ದೀಪದ ಬೆನ್ನು ಹತ್ತಿದ, ಗೇರ್‌ಬಾಕ್ಸಿನ ಮೇಲಿನ ಸ್ವಿಚ್ ಬದಲಿಸಿದ, ಹಸಿರು ದೀಪ ಹತ್ತಿತು, ಕೆಲಸ ಮುಗಿಯಿತು, ಆ ಸ್ವಿಚ್ಚಿಗೆ ತಿಳಿಯುವುದು ಲಿವರ್ ಸರಿದದ್ದು ಮಾತ್ರ, ಚಕ್ರದ ಸುದ್ದಿ ಅದಕ್ಕೇನು ಗೊತ್ತು, ವೈರಿಂಗ್ ಕೆಲಸದಿಂದ ಬಂದವನಿಗೆ ಹತ್ತಿದ್ದೆಲ್ಲ ಸರಿ, ಹತ್ತದ್ದೆಲ್ಲ ಕೆಟ್ಟದ್ದು, ಹನ್ನೊಂದು ವರ್ಷ ಅವಳ ಮುಖವನ್ನೂ ಹಾಗೇ ಓದಿದ್ದಾನೆ, ನಗ್ತಿದೀಯಲ್ಲ, ಮತ್ತೇನು ಕಷ್ಟ ನಿನಗೆ.

ಇವತ್ತೂ ಅದೇ ಏರು ಹತ್ತಬೇಕಾದ ತಂಗಿಗೂ ಹೇಳಿದ್ದಾಯಿತು, ಭಾವ ನೋಡಿದಾರಲ್ಲ ಅಕ್ಕ, ನೀನು ಬೀಗ ಹಾಕಿದ್ಮೇಲೂ ನಾಲ್ಕು ಸಲ ಎಳೆದು ನೋಡೋಳು — ಹೌದು, ಎಳೆದು ನೋಡುವವಳು, ಅದಕ್ಕೇ ಇವರ ಮನೆಗೆ ಇನ್ನೂ ಕಳ್ಳ ನುಗ್ಗಿಲ್ಲ — ದೀಪದ ಮಾತೇ ಕೇಳುವವರಿಗೆ ದೀಪದಿಂದಲೇ ಹೇಳಿಸೋಣ ಎಂದು, ಎಂಥ ಜಾಣೆ, ಅವನು ಚಹಾಕ್ಕೆ ಹೋದದ್ದೇ ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಬಲ್ಬು ತಿರುವಿ ಕಿತ್ತು ಜೇಬಿಗೆ ಹಾಕಿದಳು, ತಂಗಿ ಬಂದು ಕೂತಳು, ಲಿವರ್ ಎಳೆದಳು, ಭಾವಾ, ಲೈಟಿಲ್ಲ, ಅವನು ಓಡಿಬಂದ, ಅವಳು ಹೇಳಿದಾಗ ಒಂದು ದಿನವೂ ಹೀಗೆ ಓಡಿಬಂದವನಲ್ಲ, ಬಗ್ಗಿ ನೋಡಿದ, ಅಯ್ಯೋ ಬಲ್ಬೇ ಇಲ್ಲ, ಎಲ್ಲೋ ಉದುರಿದೆ, ಡಬ್ಬಿಯಿಂದ ಹೊಸದು ತೆಗೆದು ಸಿಕ್ಕಿಸಿದ, ಎರಡೇ ನಿಮಿಷ, ತಂಗಿಯ ಕನ್ನಡಕದಲ್ಲಿ ಎರಡು ಹಸಿರು ಚುಕ್ಕೆ ಮೂಡಿದವು, ಹೊರಡು ಪುಟ್ಟಿ. ನಾನೇ ಕಿತ್ತಿದ್ದು ರೀ, ಅಂಗೈ ಬಿಚ್ಚಿದಳು, ನೀವು ಮತ್ತೆ ಬಾನೆಟ್ ಎತ್ತಲಿ ಅಂತ, ಕೊಳವೆ ಸೀಳಿದೆ, ಬನ್ನಿ ತೋರಿಸ್ತೀನಿ — ಅವನು ಅಂಗೈ ನೋಡಿದ, ನಗಲಿಲ್ಲ, ಅದನ್ನೂ ನೀನೇ ಸೀಳಿದ್ಯಾ? ನೋಡಮ್ಮಾ ನಿಮ್ಮಕ್ಕನ ಬುದ್ಧಿ, ತಂಗಿ ತಲೆ ತಗ್ಗಿಸಿದಳು, ಅಕ್ಕ ನಿನಗೆ ಹುಷಾರಿಲ್ವಾ, ಎಷ್ಟು ಮೆತ್ತಗೆ ಕೇಳಿದಳು, ಬೈದಿದ್ದರೆ ಆಗುತ್ತಿತ್ತು, ತನ್ನ ಮಾತಿಗೆ ಇದ್ದ ಚೂರು ಬೆಲೆಯನ್ನೂ ತಾನೇ ಕಿತ್ತು ಜೇಬಿಗೆ ಹಾಕಿಕೊಂಡದ್ದು, ಇನ್ನು ಉಳಿದಿರುವುದು ಮೈಯೊಂದೇ, ಬಂಪರಿಗೆ ಮೊಣಕಾಲು ತಗಲುವಷ್ಟು ಹತ್ತಿರ ಹೋಗಿ ನಿಂತಳು, ಸರಿಯೇ ಆಚೆ, ಜನ ನೋಡ್ತಿದಾರೆ, ನೋಡಲಿ, ಅಕ್ಕಾ ತಡ ಆಯ್ತು, ಪೆಟ್ಟಿಗೇಲಿ ಐಸ್ ಕರಗುತ್ತೆ, ಹಾರ್ನು, ಮತ್ತೆ ಹಾರ್ನು, ಶೆಡ್ಡಿನ ಮಬ್ಬಿನಲ್ಲಿ ತಂಗಿಯ ಮುಖ ಕಾಣುವುದಿಲ್ಲ, ಕನ್ನಡಕ ಮಾತ್ರ, ಎರಡು ಹಸಿರು ಚುಕ್ಕೆ, ಎಂಜಿನ್ ಸದ್ದು ಏರಿತು, ಅವಳು ಕದಲುವುದಿಲ್ಲ, ಎರಡು ಹಸಿರು ಚುಕ್ಕೆ, ಅವಳನ್ನೇ ನೋಡುತ್ತ, ಅವಳನ್ನು ಕಾಣದ, ಎರಡು ಹಸಿರು ಚುಕ್ಕೆ —